ಕ್ಯಾಜ್ ಅರ್ಧಕ್ಕೆ ಬಿಟ್ಟ ಗ್ಲಾಸು

ಕ್ಯಾಜ್ ಮಟೂಲಿಸ್‌ಗೆ ಲಿಂಡ್‌ಹಾರ್ಟ್ ಬ್ರೂವರಿಯವರು ಸಂಬಳ ಕೊಡುತ್ತಿದ್ದುದು ಬಿಯರ್ ಕುಡಿಯುವುದಕ್ಕೆ. ಕೇಳಿದವರು ನಗುತ್ತಿದ್ದರು, ಆದರೆ ಮಾತು ನಿಜ. ಬೆಳಿಗ್ಗೆ ಟೈ ಕಟ್ಟಿ ಮನೆ ಬಿಟ್ಟರೆ ಕಲ್ಲಿದ್ದಲ ಗಣಿಯೂರಾದ ಶೇಡ್‌ವಿಲ್‌ನ ಒಂದೊಂದೇ ಬಾರ್ ಹೊಗಬೇಕು, ಕೂತವರಿಗೆಲ್ಲ ಕಂಪನಿಯ ದುಡ್ಡಲ್ಲಿ ಒಂದೊಂದು ಗ್ಲಾಸು ಲಿಂಡ್‌ಹಾರ್ಟ್ ಕೊಡಿಸಬೇಕು, ಜೊತೆಗೆ ತಾನೂ ಒಂದು ಕುಡಿಯಬೇಕು, ಯಾರ ಮಗಳಿಗೆ ಹೆರಿಗೆಯಾಯಿತು, ಯಾರ ಕೆಮ್ಮು ಹೆಚ್ಚಾಯಿತು ಎಂದು ವಿಚಾರಿಸಿ ಮುಂದಿನ ಬಾರ್‌ಗೆ ನಡೆಯಬೇಕು. 'ಇಂಥ ಕೆಲಸ ನಮಗೂ ಸಿಗಬಾರದಾ' ಎನ್ನುವವರಿಗೆ ಏನು ಹೇಳೋಣ! ದಿನಾ ಮದುವೆ ಊಟ ಉಣ್ಣುವವನನ್ನು ಕೇಳಿ, ಹೇಳುತ್ತಾನೆ.

ಆ ಕೆಲಸಕ್ಕೊಂದು ಕಟ್ಟುನಿಟ್ಟಿತ್ತು. ಕ್ಯಾಜ್ ತನ್ನ ಗ್ಲಾಸನ್ನು ಖಾಲಿ ಮಾಡದೆ ಬಾರ್ ಬಿಟ್ಟು ಏಳುವಂತಿಲ್ಲ. ಯಾರೂ ಬರೆದಿಟ್ಟ ನಿಯಮವಲ್ಲ, ಆದರೆ ಇಡೀ ಊರಿಗೆ ಗೊತ್ತಿತ್ತು. ತಾನು ಮಾಡಿದ್ದನ್ನು ತಾನೇ ಉಣ್ಣದ ಅಡುಗೆಯವನನ್ನು ಯಾರು ನಂಬುತ್ತಾರೆ?

ಹಾಗೆಂದು ಆ ಬಿಯರಿನಲ್ಲಿ ಹೊಗಳುವಂಥದ್ದೇನೂ ಇರಲಿಲ್ಲ. ತೆಳು, ತಿಳಿಹಳದಿ, ಅಗ್ಗ. ಗಣಿಯಿಂದ ಮೇಲೆ ಬಂದವನ ಗಂಟಲಿನ ಕಲ್ಲಿದ್ದಲ ಧೂಳನ್ನು ಕೆಳಗಿಳಿಸುತ್ತಿತ್ತು, ಅಷ್ಟು ಸಾಕಾಗಿತ್ತು. ಈಗ ಗಣಿಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಟೀವಿ ಜಾಹೀರಾತಿನಲ್ಲಿ ದೊಡ್ಡ ಊರಿನ ಬಿಯರುಗಳು ಕುದುರೆ ಏರಿ, ದೋಣಿ ಹತ್ತಿ ಬರುತ್ತಿದ್ದವು. ಹುಡುಗರು ಅದನ್ನೇ ಕೇಳುತ್ತಿದ್ದರು. ಲಿಂಡ್‌ಹಾರ್ಟ್‌ನ ಪಕ್ಕ ಉಳಿದವರು ಹಳಬರು ಮಾತ್ರ, ಅವರೂ ಕೆಮ್ಮಿ ಕೆಮ್ಮಿ ಕಡಿಮೆಯಾಗುತ್ತಿದ್ದರು.

ಕ್ಯಾಜ್‌ನ ಹೆಂಡತಿ ಓನಾ ಜನ್ಮದಲ್ಲಿ ಒಂದು ಹನಿ ಬಿಯರ್ ಬಾಯಿಗೆ ಹಾಕಿದವಳಲ್ಲ. ಚಿಕ್ಕವಳಿದ್ದಾಗ ಅಪ್ಪ ಗಣಿಯಿಂದ ಬಂದ ಕೂಡಲೇ ಅವಳ ಕೈಗೆ ತಗಡಿನ ಬಕೆಟ್ಟು ಕೊಟ್ಟು ಬಾರಿಗೆ ಓಡಿಸುತ್ತಿದ್ದ. ಮುಂಬಾಗಿಲು ಗಂಡಸರದು; ಹೆಂಗಸರಿಗೆಂದು ಇದ್ದ ಪಕ್ಕದ ಬಾಗಿಲಲ್ಲಿ ನಿಂತು ಬಕೆಟ್ಟು ತುಂಬಿಸಿಕೊಂಡು, ತುಳುಕಿದರೆ ಒದೆ ಬೀಳುತ್ತದೆಂದು ಹೆದರಿ ಹೆದರಿ ಗುಡ್ಡ ಹತ್ತುವಳು. ಆ ವಾಸನೆ ಬಡಿದರೆ ಈಗಲೂ ಮೂಗು ಹಿಡಿಯುವಳು. ಹಣೆಬರಹ ನೋಡಿ, ಸಿಕ್ಕ ಗಂಡ ಇಂಥವನು! ಅಂಗಿ ಕಾರ್ಖಾನೆಯಲ್ಲಿ ಹಗಲೆಲ್ಲ ಕಾಲರು ಹೊಲಿದು ಬಂದು, ಸಂಜೆ ಅವನ ಅಂಗಿಯಿಂದ ಆ ವಾಸನೆ ಒಗೆದು ತೆಗೆಯುವಳು.

ಆ ಮಾರ್ಚಿನಲ್ಲಿ ಕ್ಯಾಜ್‌ನ ಕಣ್ಣು ಹಳದಿಯಾಯಿತು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, "ನಿನ್ನ ಲಿವರ್ ಮುಗೀತಾ ಬಂದಿದೆ ಕಣಯ್ಯಾ. ಇನ್ಮೇಲೆ ಒಂದು ಗುಟುಕು ಕುಡಿದ್ರೂ ನನ್ನ ಹತ್ರ ಬರ್ಬೇಡ, ನೇರ ಪಾದ್ರಿ ಹತ್ರ ಹೋಗು" ಎಂದರು.

ಕ್ಯಾಜ್ ಮನೆಗೆ ಬಂದು ಓನಾಗೆ ಹೇಳಿದ. ಮತ್ತೆ ಯಾರಿಗೂ ಹೇಳಲಿಲ್ಲ. ಪಿಂಚಣಿಗೆ ಇನ್ನೂ ಎರಡು ವರ್ಷವಿತ್ತು, ಕುಡಿಯಲಾಗದ ಕ್ಯಾಜ್‌ನನ್ನು ಇಟ್ಟುಕೊಂಡು ಕಂಪನಿಯವರು ಏನು ಮಾಡಿಯಾರು? ಹೇಗೋ ತಳ್ಳಿದರಾಯಿತು ಎಂದುಕೊಂಡ. ಗ್ಲಾಸು ತುಟಿಗೆ ತಾಗಿಸಿ ಇಡುವುದು, ಮಾತಿನ ಗದ್ದಲದಲ್ಲಿ ಪಕ್ಕದವನ ಗ್ಲಾಸಿಗೆ ಸುರಿಯುವುದು, ಹೀಗೆ ಕೆಲವು ದಿನ ನಡೆಯಿತು. ಅರವತ್ತರ ಮನುಷ್ಯ, ಕಳ್ಳನ ಹಾಗೆ.

ಗುರುವಾರ ಗೊಮರ್‌ನ ಬಾರಿನಲ್ಲಿ ಸಿಕ್ಕಿಬಿದ್ದ. ಎದ್ದು ಟೊಪ್ಪಿ ಹಾಕಿಕೊಂಡು ಹೊರಟಾಗ ಅವನ ಗ್ಲಾಸು ಅರ್ಧ ತುಂಬಿಯೇ ಇತ್ತು. ಬಾರಿನ ಯಜಮಾನ ಗೊಮರ್ ಅದನ್ನು ಎತ್ತಿ ದೀಪಕ್ಕೆ ಹಿಡಿದು ನೋಡಿದ. ಗಣಿ ಕೆಲಸ ಬಿಟ್ಟು ದಿನವಿಡೀ ಅಲ್ಲೇ ಕೂರುವ ಡಟ್ಕೊ ಮೂಸಿ ನೋಡಿದ. ಅಷ್ಟೇ ಸಾಕಾಯಿತು. ಸಂಜೆಯೊಳಗೆ ಊರೆಲ್ಲ ಗುಲ್ಲು: 'ಲಿಂಡ್‌ಹಾರ್ಟ್ ಕೆಟ್ಟಿದೆ. ಕ್ಯಾಜೇ ಕುಡೀಲಿಲ್ಲ.' ಶುಕ್ರವಾರ ಅದಕ್ಕೆ ಉಪ್ಪುಖಾರ ಹತ್ತಿ, ಬ್ರೂವರಿಯ ತೊಟ್ಟಿಯಲ್ಲಿ ಇಲಿ ಸತ್ತಿತ್ತು ಎಂಬಲ್ಲಿಗೆ ಬಂತು. ಕೆಲವು ಬಾರುಗಳವರು ಪೀಪಾಯಿಗಳನ್ನು ಲಾರಿಯಿಂದ ಇಳಿಸಿಕೊಳ್ಳಲೇ ಇಲ್ಲ.

ಶನಿವಾರ ಬೆಳಿಗ್ಗೆ ಮಾಲೀಕ ಲಿಂಡ್‌ಹಾರ್ಟ್ ಕರೆಸಿದ. ಬ್ರೂವರಿ ಕಟ್ಟಿದ ಲಿಂಡ್‌ಹಾರ್ಟ್‌ನ ಮೊಮ್ಮಗ, ಕೆಟ್ಟವನಲ್ಲ, ಅವನೂ ನಿದ್ದೆಗೆಟ್ಟಿದ್ದ. ಕ್ಯಾಜ್ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟ. ಮಾಲೀಕ ಕಿಟಕಿಯಾಚೆ, ಹೊಗೆ ಇಲ್ಲದ ಚಿಮಣಿಯತ್ತ ಕೈ ತೋರಿಸಿದ.

"ಈ ಬ್ರೂವರಿಯಿಂದ ಇನ್ನೂ ಎಷ್ಟು ಮನೆ ಒಲೆ ಉರೀತಿದೆ ಅಂತ ನಿಂಗೂ ಗೊತ್ತು" ಎಂದ. "ಗೊಮರ್ ಹತ್ರ ಹೋಗು. ಎಲ್ರ ಎದುರಿಗೆ ಒಂದು ಗ್ಲಾಸು. ಒಂದೇ ಒಂದು, ಕ್ಯಾಜ್."

ಮಧ್ಯಾಹ್ನ ಓನಾ ಎಲೆಕೋಸಿನ ಸೂಪು ಬಡಿಸಿದಳು. ಕ್ಯಾಜ್ ತಲೆ ತಗ್ಗಿಸಿ ಮಾಲೀಕನ ಮಾತು ತಿಳಿಸಿದ.

"ನೀನೇನಂದೆ?"

"ಏನನ್ನಲಿ? ಸಾಕಾಗ್ಹೋಗಿದೆ ಓನಾ. ಒಂದ್ ಗ್ಲಾಸಿಗೆ ಸಾಯ್ತೀನಾ?"

ಓನಾ ತಟ್ಟೆ ಎತ್ತಿಕೊಂಡು ಹೋಗಿ ನಲ್ಲಿಯ ಕೆಳಗಿಟ್ಟಳು. ನೀರು ಸುಮ್ಮನೆ ಹರಿಯುತ್ತಿತ್ತು. ಅವನು ಬಾಗಿಲು ಎಳೆದುಕೊಂಡು ಹೋದ.

ಗೊಮರ್‌ನ ಬಾರು ತುಂಬಿತ್ತು. ಕ್ಯಾಜ್ ಒಳಗೆ ಬಂದ. ಎಲ್ಲರಿಗೂ ಒಂದೊಂದು ಹಾಕೆಂದು ಸನ್ನೆ ಮಾಡಿದ. ಗ್ಲಾಸುಗಳು ಸಾಲಾಗಿ ಬಂದವು. ಒಬ್ಬನೂ ಕೈ ಹಾಕಲಿಲ್ಲ. ಎಲ್ಲರ ಕಣ್ಣೂ ಅವನ ಮೇಲೆ.

"ಕುಡಿಯಪ್ಪಾ" ಎಂದ ಡಟ್ಕೊ. "ನಮ್ಗೇನೋ ದಾಹ. ನೀನ್ ಮೊದ್ಲು."

ಕ್ಯಾಜ್ ಗ್ಲಾಸು ಎತ್ತಿದ. ಥೂ, ಇದೆಂಥ ಬಾಳು ಎನ್ನಿಸಿ ಮತ್ತೆ ಕೆಳಗಿಟ್ಟ.

"ಬಿಯರ್ ಚೆನ್ನಾಗೇ ಇದೆ ಮಾರಾಯ್ರೇ. ನಂಗೇ ಹುಷಾರಿಲ್ಲ. ಡಾಕ್ಟ್ರು ಮುಟ್ಬೇಡ ಅಂದಿದ್ದಾರೆ."

ಡಟ್ಕೊ ಕೆಮ್ಮು ಬರುವ ತನಕ ನಕ್ಕ. "ಆಹಾ! ಕಂಪನಿಯವ್ರು ಚೆನ್ನಾಗಿ ಬಾಯಿಪಾಠ ಮಾಡ್ಸಿ ಕಳ್ಸಿದಾರೆ! ಇಷ್ಟು ವರ್ಷ ಬರ್ದೇ ಇದ್ದ ಕಾಯಿಲೆ ಇಲಿ ಸತ್ತ ವಾರವೇ ಬಂತಾ?"

"ಇಲಿಗಿಲಿ ಏನೂ ಇಲ್ಲ ಕಣೋ!"

"ಹಂಗಾದ್ರೆ ಕುಡಿ."

ಬಾರೆಲ್ಲ ನಕ್ಕಿತು. ಗೊಮರ್ ಮಾತ್ರ ನಗದೆ ಬಟ್ಟೆಯಿಂದ ಒರೆಸಿದ ಜಾಗವನ್ನೇ ಒರೆಸುತ್ತಿದ್ದ. ಜನ್ಮವಿಡೀ ಕ್ಯಾಜ್ ಹೇಳಿದ್ದನ್ನೆಲ್ಲ ನಂಬಿದ ಊರು ಅವನ ಒಂದೇ ಒಂದು ನಿಜವನ್ನು ನಂಬಲಿಲ್ಲ. ಅವನಿಗೆ ಸಿಟ್ಟೂ ಬರಲಿಲ್ಲ, ಅಷ್ಟು ದಣಿದಿದ್ದ. ಕುಡಿದುಬಿಟ್ಟರೆ ಮುಗಿಯಿತು, ಮನೆಗೆ ಹೋಗಿ ಮಲಗಬಹುದು ಎಂದುಕೊಂಡು ಮತ್ತೆ ಗ್ಲಾಸು ಎತ್ತಿದ.

ಆಗ ಮುಂಬಾಗಿಲು ತೆರೆಯಿತು. ಓನಾ ನಿಂತಿದ್ದಳು. ತಲೆಗೆ ವಸ್ತ್ರ, ಮೈಮೇಲೆ ಅಡುಗೆಯ ಏಪ್ರನ್ನು, ಅದರ ಮೇಲೆ ಕೋಟು. ಆ ಬಾರಿನ ಮುಂಬಾಗಿಲಲ್ಲಿ ಹೆಂಗಸೊಬ್ಬಳು ಬಂದದ್ದನ್ನು ಯಾರೂ ಕಂಡಿರಲಿಲ್ಲ. ನೇರ ಬಂದು ಗಂಡನ ಕೈಯಿಂದ ಗ್ಲಾಸು ಕಿತ್ತುಕೊಂಡಳು.

"ಓನಾ, ಬೇಡ್ವೇ" ಎಂದ ಕ್ಯಾಜ್.

ಅವಳು ಮೂಗು ಹಿಡಿಯಲಿಲ್ಲ. ಕಷಾಯ ಕುಡಿಯುವವಳ ಹಾಗೆ ಕಣ್ಣು ಮುಚ್ಚಿ, ಒಂದೇ ಉಸಿರಿಗೆ ತಳದವರೆಗೂ ಕುಡಿದಳು. ಗಲ್ಲದ ಮೇಲೆ ಹರಿದದ್ದನ್ನು ಏಪ್ರನ್ನಿನ ತುದಿಯಿಂದ ಒರೆಸಿಕೊಂಡಳು. ಖಾಲಿ ಗ್ಲಾಸನ್ನು ಡಟ್ಕೊನ ಮುಂದೆ ಮಗುಚಿಟ್ಟಳು.

"ಬಿಯರ್‌ಗೆ ಏನೂ ಆಗಿಲ್ಲ" ಎಂದಳು. "ಆಗಿರೋದು ಇವ್ನಿಗೆ. ಇವ್ನ ಕಣ್ಣು ನೋಡೋಕೆ ನಿಮಗ್ಯಾರಿಗೂ ಕಣ್ಣಿಲ್ವಾ?"

ಡಟ್ಕೊ ಆಗ ನೋಡಿದ. ದೀಪದಡಿ ಕ್ಯಾಜ್‌ನ ಕಣ್ಣಿನ ಬಿಳಿ ಗ್ಲಾಸುಗಳಲ್ಲಿದ್ದ ಬಿಯರಿನ ಬಣ್ಣಕ್ಕಿತ್ತು. ಡಟ್ಕೊ ಟೊಪ್ಪಿ ತೆಗೆದು ಮಡಿಲಲ್ಲಿಟ್ಟುಕೊಂಡ. ಅಳಿಯನ ಮನೆಗೆ ಬಂದವನಂತೆ ಸಂಕೋಚಪಡುತ್ತ ತನ್ನ ಗ್ಲಾಸು ಎತ್ತಿ ಒಂದು ಗುಟುಕು ಕುಡಿದ. ಅವನ ಹಿಂದೆಯೇ ಉಳಿದವರೂ ಕುಡಿದರು.

ಹೊರಗೆ ಗಾಳಿ ತಣ್ಣಗಿತ್ತು. ಓನಾ ಗೋಡೆ ಹಿಡಿದು ನಿಂತಳು. ವಾಂತಿ ಬರುವಂತಾಗಿ ಮುಖ ಬಿಳಿಚಿತ್ತು. ಕ್ಯಾಜ್ ಅವಳ ಬೆನ್ನು ಸವರಿದ.

"ಇದನ್ನಾ ಇಷ್ಟು ವರ್ಷ ಕುಡಿದಿದ್ದು ನೀನು? ಪಾತ್ರೆ ತೊಳೆದ ನೀರು."

"ಹ್ಞೂಂ" ಎಂದ ಕ್ಯಾಜ್.

ಅವಳು ಬಾಯಿ ಒರೆಸಿಕೊಂಡು, ಸಡಿಲವಾಗಿದ್ದ ತಲೆವಸ್ತ್ರವನ್ನು ಬಿಗಿಯಾಗಿ ಕಟ್ಟಿಕೊಂಡಳು.

"ಇವತ್ತು ಇನ್ನೆಷ್ಟು ಬಾರ್ ಇದೆ ನಿಂದು?"

"ಐದು. ಬೇಡ ಓನಾ, ಮನೆಗೆ ಹೋಗೋಣ."

"ಪಿಂಚಣಿಗೆ ಇನ್ನೂ ಎರಡು ವರ್ಷ. ಮನೇಲಿ ಕೂತು ಏನ್ ತಿಂತೀಯಾ?" ಎನ್ನುತ್ತ ಅವಳು ಅವನ ತೋಳು ಹಿಡಿದು ಇಳಿಜಾರಿನಲ್ಲಿ ನಡೆದಳು. ಕೆಳಗಿನ ಬಾರಿನ ಪಕ್ಕದ ಬಾಗಿಲು ಬಂತು, ಚಿಕ್ಕಂದಿನಲ್ಲಿ ಬಕೆಟ್ಟು ಹಿಡಿದು ಅವಳು ನಿಲ್ಲುತ್ತಿದ್ದ ಬಾಗಿಲು. ಅದನ್ನು ದಾಟಿ ಮುಂದೆ ಹೋಗಿ, ಮುಂಬಾಗಿಲು ತಳ್ಳಿದಳು.