ಡೋಣಿಯಲ್ಲಿ ಕೈಗೆ ಬಂದ ಏಕತಾರಿ

ನಮ್ಮ ಮೂವರ ಬ್ಯಾಂಡಿಗೆ ಒಂದೇ ಹೆಮ್ಮೆ: ಮೊದಲೇ ಗೊತ್ತುಮಾಡಿಕೊಂಡು ಏನನ್ನೂ ನುಡಿಸುವುದಿಲ್ಲ. ಮುಂಡರಗಿಯಲ್ಲಿ ಸಂಜೆಯ ಕಾರ್ಯಕ್ರಮಕ್ಕೆ ಹೊರಟವರು ದಾರಿಯಲ್ಲಿ ಡೋಣಿ ಎಂಬ ಹಳ್ಳಿಯಲ್ಲಿ ಚಹಾಕ್ಕೆ ಇಳಿದೆವು. ಗುಡಿಯಲ್ಲಿ ಏಳು ದಿನದ ಅಖಂಡ ಭಜನೆ; ಅಂದು ಐದನೆಯ ದಿನ. ಇಣುಕಿದ್ದೇ ತಪ್ಪಾಯಿತು. ಏಕತಾರಿ ಮೀಟುತ್ತಿದ್ದ ಹಿರಿಯರು ಅದನ್ನು ನನ್ನ ಕೈಗೇ ಕೊಟ್ಟರು.

"ಹಿಡೀರಿ ತಂಗಿ, ಎರಡು ತುತ್ತು ಉಂಡು ಬರ್ತೀನಿ. ನೆಲಕ್ಕ ಇಡಬ್ಯಾಡ್ರಿ. ಭಜನಿ ನಿಂತ್ರ ಐದು ದಿನದ್ದೆಲ್ಲಾ ಹಾಳಾತು ನೋಡ್ರಿ."

ಎಷ್ಟೋ ದೇಶದ ವೇದಿಕೆಗಳಲ್ಲಿ ಮನಬಂದಂತೆ ನುಡಿಸಿದವಳು, ಅಲ್ಲಿ ಭಜನೆ ನಿಂತೀತೆಂಬ ಭಯಕ್ಕೆ ಅದರ ಒಂದೇ ತಂತಿಯನ್ನು ಒಂದೇ ಸಮನೆ ಮೀಟುತ್ತ ಕುಳಿತೆ. ನಮ್ಮ ಗದಗಿನ ತಬಲಜಿ ಮಹೇಶನಿಗೆ ಆ ಭಯವಿಲ್ಲ. ತಬಲಾದವರೂ ಊಟಕ್ಕೆ ಎದ್ದದ್ದೇ ತಾನು ಕುಳಿತು, ಚಾಳಿಯಂತೆ ತಾಳವನ್ನು ಎಲ್ಲೆಲ್ಲಿಗೋ ಒಯ್ದ. ಹಾಡುತ್ತಿದ್ದವರು ಒಬ್ಬೊಬ್ಬರಾಗಿ ಗೊಂದಲಕ್ಕೆ ಬಿದ್ದು ಸುಮ್ಮನಾದರು. ಉಳಿದದ್ದು ಒಂದೇ ದನಿ. ಮೂಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ ಮುದುಕಿ ತಲೆ ಎತ್ತದೆ ಹಾಡುತ್ತಲೇ ಇದ್ದಳು. ಮಹೇಶ ಎಷ್ಟು ಸುತ್ತಿ ಬಂದರೂ ಅವಳ ಪಲ್ಲವಿ ಅಲ್ಲೇ ಸಿಗುತ್ತಿತ್ತು. ಅದನ್ನು ಹಿಡಿದು ಉಳಿದವರೂ ಮತ್ತೆ ದನಿಗೂಡಿಸಿದರು.

ಹಿರಿಯರು ಬಂದು ಏಕತಾರಿ ತೆಗೆದುಕೊಂಡ ಮೇಲೆ ಮಹೇಶ ಅವಳ ಕಾಲು ಮುಟ್ಟಿದ. "ಯವ್ವಾ, ನಾ ಎಲ್ಲಿಗೆ ಹೊಂಟೀನಿ ಅಂತ ಹೆಂಗ ತಿಳೀತು?"

"ನೀ ಎಲ್ಲಿಗೆ ಹೊಂಟಿದ್ದಿ ಅಂತ ನನಗೇನು ಗೊತ್ತೋ ಯಪ್ಪಾ? ತಿರುಗಿ ಬರೂದು ಇಲ್ಲಿಗೇ ಅಲ್ಲೇನು, ಹಾಡ್ಕೋತ ಕುಂತಿದ್ದೆ."

ಆ ಸಂಜೆ ಮುಂಡರಗಿಯಲ್ಲಿ ಮಹೇಶ ತಾಳದಲ್ಲಿ ಎರಡು ಸಲ ದಾರಿ ತಪ್ಪಿದ. ಎರಡೂ ಸಲ, ಮುಂದಿನ ಸಾಲಿನಲ್ಲಿ ಶೇಂಗಾ ಸುಲಿಯುವವರು ಯಾರಾದರೂ ಇದ್ದಾರೆಯೇ ಎಂದು ನೋಡಿದ. ನಾನೂ ನೋಡಿದೆ ಅನ್ನಿ.