ಬೊಗಳದ ನಾಯಿ ಬೇಕಾಗಿತ್ತು

ಬಟ್ಟೆ ಗಿರಣಿಯ ಮಗ್ಗಗಳ ನಡುವೆ ಮೂವತ್ತು ವರ್ಷ ದುಡಿದ ಮೊಂಜಿಯಾಳ ಕಿವಿ ಅಲ್ಲೇ ಮಂದವಾಗಿತ್ತು. ಹೋದ ಚಳಿಗಾಲ ಒಲೆಯ ಮೇಲಿನ ಕಡಲೆ ಸೀದು ಹೊಗೆ ಮೆಟ್ಟಿಲಿಗಿಳಿದಾಗ, ಜನ ಬಾಗಿಲು ಬಡಿದದ್ದು ಅವಳಿಗೆ ಕೇಳಲಿಲ್ಲ. ನೆಗಡಿಯಾದ ಮೂಗಿಗೆ ವಾಸನೆಯೂ ತಿಳಿಯಲಿಲ್ಲ. ಕೊನೆಗೆ ಬಾಗಿಲು ಮುರಿದು ಒಳಗೆ ಬಂದರು. ಅಂದಿನಿಂದ ಅವಳು ಹೊಲಿಗೆಗೆ ಕೂತರೂ ಕಣ್ಣು ಬಾಗಿಲ ಮೇಲೆಯೇ. ಒಂದು ನಾಯಿ ಇದ್ದರೆ ಒಳಿತೆನಿಸಿತು.

ಆದರೆ ಮನೆ ಬಾಡಿಗೆಯದು. ಮಾಲೀಕ ಲಜ್ಹರ್, ಸ್ಫಾಕ್ಸ್ ಊರಿನ ಪೇಟೆಯಲ್ಲಿ ರೊಟ್ಟಿ ಭಟ್ಟಿ ನಡೆಸುವವನು. ನಸುಕಿಗೆ ಮೊದಲೇ ಎದ್ದು ಹೋಗಿ, ಹತ್ತು ಗಂಟೆಗೆ ಬಂದು ಕೆಳಮನೆಯಲ್ಲಿ ಮಲಗಿದರೆ ಸಂಜೆಯವರೆಗೆ ಏಳುತ್ತಿರಲಿಲ್ಲ. ಹಗಲು ಸದ್ದು ಕೂಡದೆಂದು ಕರಾರಿನಲ್ಲೇ ಬರೆಸಿದ್ದ.

"ನಾಯಿನಾ? ಸಾಕ್ಕೊಳ್ಳಮ್ಮ," ಎಂದ. "ಎರಡು ಸಲ ನನ್ನ ನಿದ್ದೆ ಕೆಡಿಸಿದ್ರೆ ಅದೂ ಹೊರಗೆ, ನೀನೂ ಹೊರಗೆ."

ಮೊಂಜಿಯಾ ಪಶುವೈದ್ಯೆ ರೌದಾಳ ಬಳಿ ಹೋದಳು. "ಬೊಗಳಬಾರದು ತಾಯಿ. ಆದ್ರೆ ಯಾರಾದ್ರೂ ಬಂದ್ರೆ ನಂಗೆ ಹೇಳ್ಬೇಕು."

"ಕಿವೀಲಿ ಪಿಸುಗುಟ್ಟೋ ನಾಯಿ ಬೇಕು ಅನ್ನಿ!"

ಮಡಿಲಲ್ಲಿ ಹಿಡಿಸುವಂಥ ಬಿಳಿ ತುಪ್ಪಳದ ಮರಿಯೊಂದನ್ನು ಮೊಂಜಿಯಾ ಮೊದಲೇ ಮೆಚ್ಚಿಟ್ಟಿದ್ದಳು. ರೌದಾ ಬೇಡವೆಂದು ತಲೆಯಾಡಿಸಿದಳು. "ಮೈ ಚಿಕ್ಕದು ಅಂತ ಗಂಟಲೂ ಚಿಕ್ಕದು ಅಂದ್ಕೋಬೇಡಿ. ನೊಣ ಹಾರಿದ್ರೂ ಕಿರುಚತ್ತೆ ಅದು." ಅವಳು ತೋರಿಸಿದ್ದು ಒಂದು ಸ್ಲೂಗಿ: ದಕ್ಷಿಣದ ಮರಳುಗಾಡಿನಲ್ಲಿ ಮೊಲ ಅಟ್ಟುವ ಜಾತಿ, ಉದ್ದ ಕಾಲು, ಎಣಿಸಬಹುದಾದ ಪಕ್ಕೆಲುಬು. ಐದು ವರ್ಷದ ಹೆಣ್ಣು, ಹೆಸರು ರೀಮ್. ಹೊರಗೆ ಯಾರೋ ಬಾಗಿಲು ತಟ್ಟಿದಾಗ ಅದು ಬೊಗಳಲಿಲ್ಲ. ಎದ್ದು ಬಂದು ಮೊಂಜಿಯಾಳ ಅಂಗೈಗೆ ಒದ್ದೆ ಮೂತಿ ಒತ್ತಿ, ಬಾಗಿಲ ಕಡೆ ತಿರುಗಿ ನಿಂತಿತು.

"ಇದು ನಾಯಿನೋ ಕುದುರೆನೋ!" ಎಂದು ಲಜ್ಹರ್ ಮೆಟ್ಟಿಲಲ್ಲಿ ಗೋಡೆಗೆ ಒರಗಿ ದಾರಿ ಬಿಟ್ಟ.

ಮೊದಲ ವಾರ ಮೊಂಜಿಯಾಳಿಗೆ ಅನ್ನ ಸೇರಲಿಲ್ಲ. ನಾಯಿ ಬಾಯಿ ತೆರೆದರೆ ಆಕಳಿಕೆಯೋ ಬೊಗಳಿಕೆಯೋ ತಿಳಿಯದೆ ಅದರ ಗಂಟಲ ಮೇಲೆ ಕೈಯಿಟ್ಟು ನೋಡುವಳು. ಆ ಗಂಟಲು ಎಂದೂ ನಡುಗಲಿಲ್ಲ.

ಒಂಬತ್ತನೆಯ ದಿನ ಮೀನುಪೇಟೆಯಿಂದ ಮರಳಿ ಚೀಲ ಇಳಿಸುವಷ್ಟರಲ್ಲಿ ರೀಮ್ ಅಂಗೈಗೆ ಮೂತಿ ಒತ್ತಿತು. ಬಾಗಿಲು ತೆಗೆದರೆ ಲಜ್ಹರ್, ಕಣ್ಣು ಕೆಂಡ.

"ಒಂದು ಸಲ ಆಯ್ತು!" ಅವಳಿಗೆ ಕೇಳಲೆಂದು ಕೂಗಿದ. "ನೀನಿದ್ದಾಗ ಗೋಡೆ ಹಾಗಿರತ್ತೆ. ನೀನು ಹೊರಗೆ ಕಾಲಿಟ್ಯೋ, ಹೆಣದ ಮುಂದೆ ಅತ್ತ ಹಾಗೆ ಊಳಿಡತ್ತೆ!"

 ಮೊಂಜಿಯಾ ರೌದಾಳ ಬಳಿ ಬೊಗಳುವುದರ ಬಗ್ಗೆಯಷ್ಟೇ ವಿಚಾರಿಸಿದ್ದಳು, ಒಂಟಿಯಾದರೆ ಅಳುವುದರ ಬಗ್ಗೆ ವಿಚಾರಿಸಿರಲಿಲ್ಲ. "ಇನ್ಮೇಲೆ ಒಬ್ಬಳನ್ನೇ ಬಿಡಲ್ಲಪ್ಪ. ಎಲ್ಲಿಗೆ ಹೋದ್ರೂ ಜೊತೆಗೇ."

ಲಜ್ಹರ್ ಹೊರಟವನು ನಿಂತ. "ಅಲ್ಲಾ, ನಾನು ತಟ್ಟಿದ ತಕ್ಷಣ ತೆಗೆದ್ಯಲ್ಲ! ಹೇಗೆ?"

ಅವಳು ನಾಯಿಯನ್ನು ತೋರಿಸಿದಳು. ಅವನು ಅದನ್ನೊಮ್ಮೆ ನೋಡಿ ಮೆಟ್ಟಿಲಿಳಿದ. ಮಾರನೆಯ ದಿನ ಅವನ ಹೆಂಡತಿ ಸಾಲ್ಹಾ ಮೇಲೆ ಬಂದು, "ಊರ ಸ್ನಾನದ ಮನೆಗೆ ನಾಯೀನ ಬಿಡಲ್ಲ. ಅಲ್ಲಿಗೆ ಹೋಗೋ ದಿನ ಅದನ್ನ ನಮ್ಮಲ್ಲಿ ಬಿಟ್ಟು ಹೋಗು. ಅವರೇ ಹೇಳಿ ಕಳಿಸಿದ್ರು," ಎಂದಳು.

ಮೀನುಪೇಟೆಗೆ ಈಗ ರೀಮ್ ಜೊತೆಗೇ ಹೋಗುತ್ತದೆ. ಸ್ನಾನದ ದಿನವಾದ ಬುಧವಾರ ಮಾತ್ರ ಸಾಲ್ಹಾಳ ಅಡುಗೆಮನೆಯಲ್ಲಿ ಮಲಗುತ್ತದೆ. ಸಾರ್ವಜನಿಕ ಸ್ನಾನದ ಮನೆಯಲ್ಲಿ ಗೆಳತಿಯರು ಹಿಡಿದು ಕೂರಿಸಿದರೂ ಮೊಂಜಿಯಾ ನಿಲ್ಲುವುದಿಲ್ಲ. ಕೂದಲು ಆರುವ ಮೊದಲೇ ರೀಮ್ ಬಳಿಗೆ ಓಡಿ ಬರುತ್ತಾಳೆ.