ಎಲ್ಸ್‌ಪೆಟ್ ಹೊತ್ತ ಗಂಡ

ಮೀನುಗಾರರ ಹಳ್ಳಿ ಸ್ಕಾರ್‌ನೆಸ್‌ಗೆ ಆಗ ಬಂದರು ಎಲ್ಲಿತ್ತು? ಹರಳುಗಲ್ಲಿನ ದಂಡೆ, ಅದರಾಚೆ ಕೊರೆಯುವ ನೀರು, ಅಷ್ಟೇ. ದೋಣಿ ಸೊಂಟದಾಳದ ನೀರಿನಲ್ಲಿ ನಿಲ್ಲುತ್ತಿತ್ತು. ಗಂಡಸರ ಬೂಟಿನೊಳಗೆ ನೀರು ಹೊಕ್ಕರೆ ದಿನವಿಡೀ ಸಮುದ್ರದ ಮೇಲೆ ಸೆಟೆದುಕೊಂಡು ಕೂರಬೇಕು. ಅದಕ್ಕೇ ಹೆಂಡತಿಯರು ಲಂಗ ಎತ್ತಿ ಕಟ್ಟಿ, ಗಂಡಂದಿರನ್ನು ಉಪ್ಪುಮೂಟೆ ಹೊತ್ತು ದೋಣಿಗೆ ಹತ್ತಿಸುತ್ತಿದ್ದರು. ಹೆಂಗಸರ ಕಾಲು ಮರಗಟ್ಟಿದರೆ ಯಾರಿಗೇನು! ದೋಣಿ ಬಂದು ನಿಲ್ಲಲು ಒಂದು ಕಲ್ಲಿನ ಧಕ್ಕೆ ಕಟ್ಟಿಸಿಕೊಡಿ ಎಂದು ಕೇಳಿದಾಗಲೆಲ್ಲ ಜಮೀನ್ದಾರ "ನೋಡೋಣ" ಎನ್ನುತ್ತಿದ್ದ. ಆ ಮಹಾರಾಯ ನೋಡುತ್ತ ಕೂತಿರುವಾಗಲೇ ಎಲ್ಸ್‌ಪೆಟ್‌ಳ ಅಜ್ಜಿ, ಅಮ್ಮ ಇಬ್ಬರೂ ಹೊತ್ತು ಹೊತ್ತೇ ಸವೆದು ಸತ್ತರು.

ಆ ಅಕ್ಟೋಬರ್ ಬೆಳಗ್ಗೆ ಗಂಡ ಆಂಡ್ರಾನನ್ನು ಹೊತ್ತು ನೀರಿಗಿಳಿದ ಎಲ್ಸ್‌ಪೆಟ್ ಅರ್ಧ ದಾರಿಯಲ್ಲಿ ನಿಂತುಬಿಟ್ಟಳು. ದೂರದಲ್ಲಿ ಆಕಾಶ ಕಪ್ಪಿಟ್ಟಿತ್ತು.

"ಇವತ್ತು ಬೇಡ ಮಾರಾಯ. ಎದೇಲಿ ಅವಲಕ್ಕಿ ಕುಟ್ಟಿದ ಹಾಗಾಗ್ತಿದೆ."

ದೋಣಿಯ ಯಜಮಾನ ಮುದುಕ ಜೇಮ್ಸಿಗೆ ಅದು ಕೇಳಿಸಿತು. "ಏನಮ್ಮಾ ಎಲ್ಸ್‌ಪೆಟ್, ಗಂಡನ್ನ ವಾಪಸ್ ಹೊತ್ಕೊಂಡು ಹೋಗಿ ತೊಟ್ಟಿಲಲ್ಲಿ ಮಲಗಿಸ್ತೀಯೇನು?"

ದೋಣಿಯವರೆಲ್ಲ ಗೊಳ್ಳೆಂದರು.

"ಮರ್ಯಾದೆ ಕಳೀಬೇಡ ಕಣೇ, ನಡಿ ಸುಮ್ನೆ," ಎಂದು ಆಂಡ್ರಾ ಮಂಡಿಯಿಂದ ಪಕ್ಕೆಗೆ ತಿವಿದ. ಅವಳು ನಡೆದಳು. ಬೂಟಿಗೆ ಒಂದು ಹನಿ ತಾಗದಂತೆ ಅವನನ್ನು ದೋಣಿಗೆ ಹತ್ತಿಸಿದಳು.

ಮಧ್ಯಾಹ್ನ ಬಿರುಗಾಳಿ ಎದ್ದಿತು. ದೋಣಿ ಹೇಗೋ ದಂಡೆಯ ಹತ್ತಿರದವರೆಗೆ ಬಂತು, ಆದರೆ ಮನೆಯೆತ್ತರದ ಅಲೆಗಳನ್ನು ದಾಟಿ ಒಳಗೆ ಬರಲು ದಾರಿಯೇ ಇರಲಿಲ್ಲ. ದಂಡೆಯಲ್ಲಿದ್ದವರಿಗೆ ಒಬ್ಬೊಬ್ಬರ ಮುಖವೂ ಕಾಣುತ್ತಿತ್ತು. ಎಲ್ಸ್‌ಪೆಟ್ ಸೊಂಟಕ್ಕೆ ಹಗ್ಗ ಬಿಗಿದು ನೀರಿಗೆ ನುಗ್ಗಿದಳು. "ಧುಮುಕೋ ಆಂಡ್ರಾ! ನಾನು ಹೊತ್ಕೋತೀನಿ, ಧುಮುಕೋ!" ಅಲೆ ಅವಳನ್ನು ಎತ್ತಿ ದಂಡೆಗೆ ಬಿಸಾಡಿತು. ಮತ್ತೆ ನುಗ್ಗಿದಳು, ಮತ್ತೆ ಬಿಸಾಡಿತು. ದಿನಾ ಬೆಳಗ್ಗೆ ಹೊತ್ತು ನಡೆದ ದೂರವೇ ಅಲ್ಲವೇ ಅದು! ಎಲ್ಲರ ಕಣ್ಣೆದುರೇ ದೋಣಿ ಮಗುಚಿತು. ಹೊತ್ತು ತರಲು ಅವನ ಹೆಣವೂ ಸಿಗಲಿಲ್ಲ.

ಆಮೇಲೆ ಪತ್ರಿಕೆಗಳು ಉಗಿದವು, ಜಮೀನ್ದಾರನಿಗೆ ನಾಚಿಕೆಯಾಯಿತು, ಧಕ್ಕೆ ಎದ್ದಿತು. ವಾದ್ಯದವರು ಬಂದರು, ಭಾಷಣವೂ ಆಯಿತು. ಜಮೀನ್ದಾರ ಎಲ್ಸ್‌ಪೆಟ್‌ಳನ್ನು ಮುಂದಕ್ಕೆ ಕರೆದು ಹೇಳಿದ, "ಇನ್ನು ಮೇಲೆ ನೀನು ಯಾರನ್ನೂ ಹೊರಬೇಕಾಗಿಲ್ಲಮ್ಮ."

ಎಲ್ಸ್‌ಪೆಟ್ ಕಾಲ ಕೆಳಗಿನ ಕಲ್ಲನ್ನೇ ನೋಡುತ್ತಿದ್ದಳು.

"ಹೊರೋಕೆ ನಂಗೇನು ಬೇಜಾರಿತ್ತಾ ಧಣಿ? ಈ ಕಲ್ಲುಗಳನ್ನ ಆಗಲೇ ಕೊಟ್ಟಿದ್ರೆ, ಒಂದೊಂದಾಗಿ ಇವನ್ನೂ ನಾನೇ ಹೊತ್ತು ಹಾಕ್ತಿದ್ದೆ."

ಜಮೀನ್ದಾರ ವಾದ್ಯದವರಿಗೆ ಬಾರಿಸಿ ಎಂದು ಕೈಸನ್ನೆ ಮಾಡಿದ.